ಕಡಲ ನಡುವಣ ಕಲ್ಲಿನ ಮಠ

ಮಠವೆಂದೊಡನೆ ದಾಸೋಹದ ಪಂಕ್ತಿ, ವಟುಗಳ ಕಲರವ ನಮ್ಮ ನೆನಪಿಗೆ ಬರುತ್ತವೆ. ಐರ್ಲೆಂಡಿನ ನೈರುತ್ಯ ಕರಾವಳಿಯಿಂದ ಸುಮಾರು 12 ಕಿಲೋಮೀಟರ್ ದೂರದ ಸ್ಕೆಲಿಗ್ ಮೈಕಲ್ ಎಂಬ ಕಡಿದಾದ ಬಂಡೆದ್ವೀಪದಲ್ಲಿ ಇವಾವುವೂ ಇಲ್ಲದ ಕ್ರೈಸ್ತ ಮಠವೊಂದಿದ್ದಿತು. ಅಲ್ಲಿನ ಸನ್ಯಾಸಿಗಳು ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹೊಂದಿಸಿ, ಗಾರೆಯ ಸೋಂಕಿಲ್ಲದೆ ಕಲ್ಲಿನ ಮೇಲೆ ಕಲ್ಲನ್ನು ಒಳಚಾಚಿ ಪೇರಿಸಿ, ಜೇನುಗೂಡಿನಾಕಾರದ ಕುಟೀರಗಳನ್ನು ಕಟ್ಟಿದರು. ಹೊರಗೆ ದುಂಡು, ಒಳಗೆ ಚೌಕ! ಕುಡಿಯಲು ಮಳೆನೀರೇ ಗತಿ. 9ನೆಯ ಶತಮಾನದಲ್ಲಿ ವೈಕಿಂಗ್ ದಾಳಿಕಾರರು ಎಟ್ಗಲ್ ಎಂಬ ಸನ್ಯಾಸಿಯನ್ನು ಸೆರೆಯೊಯ್ದರು. ಆತನು ಹಸಿವಿನಿಂದ ಅಸುನೀಗಿದನೆಂದು ಅಲ್ಲಿನ ಪ್ರಾಚೀನ ವೃತ್ತಾಂತಗಳು ಹೇಳುತ್ತವೆ. ಆದರೂ ಉಳಿದವರು ಕದಲಲಿಲ್ಲ. 13ನೆಯ ಶತಮಾನದ ವೇಳೆಗೆ, ಬಿರುಗಾಳಿಯ ಕಾಟ ಹೆಚ್ಚಿದ ಮೇಲೆಯೇ, ಅವರು ಎದುರುದಡದಲ್ಲಿ ನೆಲೆಸಿದುದು.

1880ರಲ್ಲಿ ಸರ್ಕಾರವು ಈ ಅವಶೇಷಗಳನ್ನು ವಹಿಸಿಕೊಂಡಿತು. 1978ರಿಂದ ಕುಸಿದ ಗೋಡೆಗಳ ದುರಸ್ತಿ ಆರಂಭವಾಯಿತು. 1996ರಲ್ಲಿ ವಿಶ್ವ ಪರಂಪರೆಯ ತಾಣವೆನಿಸಿತು. ಆದರೆ ಬಿದ್ದುದನ್ನು ಎಷ್ಟರ ಮಟ್ಟಿಗೆ ಹೊಸದಾಗಿ ಕಟ್ಟಬಹುದು? ಈ ವಿವಾದ ಬೆಳೆದು 2007ರಲ್ಲಿ ಯುನೆಸ್ಕೋ ತಜ್ಞರೇ ದ್ವೀಪಕ್ಕೆ ಬಂದು ಪರಿಶೀಲಿಸಬೇಕಾಯಿತು. ನಾವಾದರೋ ಜೀರ್ಣೋದ್ಧಾರವೆಂದು ಹಳೆಯ ಗದ್ದುಗೆಗಳಿಗೆ ಸಿಮೆಂಟು ಮೆತ್ತಿ, ಬಣ್ಣ ಬಳಿದು, ಯಾರನ್ನೂ ಕೇಳದೆ ಸಂತೋಷಪಡುತ್ತೇವೆ. ಅಲ್ಲಿ ಬೇಸಿಗೆಯಲ್ಲಿ ಮಾತ್ರ, ದಿನಕ್ಕೆ 180 ಜನರಿಗಷ್ಟೇ ಪ್ರವೇಶ. ಕಡಲು ಮುನಿದ ದಿನ ಅದೂ ಇಲ್ಲ.