ಬೆನ್ನ ಮೇಲಿನ ಪಂಪು, ನಮ್ಮ ಮೇಲಿನ ಹೊಣೆ

ಕಾರ್ಖಾನೆಯಲ್ಲಿ ದುಡಿಯುವವರಿಗೆ ಶಿರಸ್ತ್ರಾಣ, ಕೈಗವಸು, ಬೂಟುಗಳನ್ನು ಒದಗಿಸಬೇಕೆಂಬುದು ಎಲ್ಲರೂ ಬಲ್ಲ ಮಾತು. ಆದರೆ ನಮ್ಮಲ್ಲಿ ಅನೇಕ ಕುಟುಂಬಗಳಿಗೆ ಹೊಲವೇ ಕಾರ್ಖಾನೆ. ಅಲ್ಲಿ ಮೇಲ್ವಿಚಾರಕನಿಲ್ಲ, ಅಪಾಯವನ್ನು ಸೂಚಿಸುವ ಫಲಕವೂ ಇಲ್ಲ. ಕೀಟನಾಶಕವನ್ನು ಸಿಂಪಡಿಸುವುದಕ್ಕೆ ನಾವು ‘ಎಣ್ಣೆ ಹೊಡೆಯುವುದು’ ಎನ್ನುತ್ತೇವೆ, ‘ಔಷಧಿ ಹೊಡೆಯುವುದು’ ಎನ್ನುತ್ತೇವೆ. ವಿಷಕ್ಕೆ ಔಷಧಿಯೆಂಬ ಹೆಸರಿಟ್ಟ ಮೇಲೆ ಅದಕ್ಕೆ ಅಂಜುವವರು ಯಾರು? ಈ ತಿಂಗಳು ಈ ವಿಷಯವನ್ನು ವಾಚಕರ ಮುಂದಿಡಲು ನಮ್ಮ ಮನೆಯಲ್ಲಿಯೇ ನಡೆದ ಒಂದು ಪ್ರಸಂಗ ಕಾರಣವಾಗಿದೆ.

ಕೆಲವು ವರ್ಷಗಳ ಹಿಂದೆ ಹತ್ತಿಯ ಹೊಲಕ್ಕೆ ಎಣ್ಣೆ ಹೊಡೆಸುವ ದಿನ ನಾನು ಊರಲ್ಲಿದ್ದೆ. ಹಲವು ವರ್ಷಗಳಿಂದ ನಮ್ಮಲ್ಲಿ ದುಡಿಯುತ್ತಿದ್ದ ಆಳುಮಗ ಬರಿಗಾಲಿನಲ್ಲಿ, ಬನಿಯನ್ ತೊಟ್ಟು, ಬಾಯಿಗೊಂದು ಟವೆಲ್ ಸುತ್ತಿಕೊಂಡು ಪಂಪನ್ನು ಬೆನ್ನಿಗೇರಿಸಿದ್ದ. ಬಕೀಟಿನಲ್ಲಿದ್ದ ವಿಷವನ್ನು ಮೊಣಕೈಯವರೆಗೆ ಕೈಯಾಡಿಸಿ ಕಲಕಿದ್ದನ್ನು ನಾನು ಕಣ್ಣಾರೆ ಕಂಡೆ, ಏನೂ ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನು ಬದುವಿಗೆ ಬಂದು, “ಗೌಡ್ರ, ಕಣ್ಣು ಮಂಜಾಗ್ಯಾವ್ರೀ” ಎಂದ. ನಮ್ಮ ಅಣ್ಣನವರು, “ಬಿಸಲಿಗೆ ಹಂಗ ಆಗತೈತಿ, ಒಂದಿಷ್ಟು ಮಜ್ಜಿಗಿ ಕುಡಿ” ಎಂದರು. ಅವರ ಮಾತಿನಲ್ಲಿ ಕಾಠಿಣ್ಯವಿರಲಿಲ್ಲ, ಅಜ್ಞಾನವಿತ್ತು. ಸ್ವಲ್ಪ ಹೊತ್ತಿನಲ್ಲಿ ಬಾಯಲ್ಲಿ ಜೊಲ್ಲು ಸುರಿಯತೊಡಗಿತು, ಮೈಯೆಲ್ಲ ಬೆವರಿ ತೊಪ್ಪೆಯಾಯಿತು, ವಾಂತಿ ಬಿಡದಾಯಿತು. ಆಸ್ಪತ್ರೆಗೆ ಒಯ್ದಾಗ ವೈದ್ಯರು ಮೊದಲು ಕೇಳಿದ್ದು, “ಡಬ್ಬಿ ತಂದೀರೇನು?” ಎಂದು. ಡಬ್ಬಿ ಹೊಲದಲ್ಲಿಯೇ ಉಳಿದಿತ್ತು. ದೈವಕೃಪೆ, ಅವನು ಬದುಕಿಕೊಂಡ. ಅಂದು ರಾತ್ರಿ ನಮ್ಮ ತಾಯಿಯವರು, “ಬೆಳಿಗೆ ಇಷ್ಟು ರೊಕ್ಕದ ಎಣ್ಣಿ ತಂದೀರಿ, ಆ ಹುಡುಗನ ಕೈಗೆ ಏನು ತಂದಿದ್ರಿ?” ಎಂದು ಕೇಳಿದರು. ನಮ್ಮಿಬ್ಬರಲ್ಲಿಯೂ ಉತ್ತರವಿರಲಿಲ್ಲ.

ಎಲ್ಲರೂ ಇಷ್ಟು ಸುಲಭವಾಗಿ ಪಾರಾಗುವುದಿಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಕೀಟನಾಶಕ ಸಿಂಪಡಿಸಿದ ನೂರಾರು ಮಂದಿ ಆಸ್ಪತ್ರೆ ಸೇರಿದರು. 20ಕ್ಕೂ ಹೆಚ್ಚು ರೈತರೂ ಕೂಲಿಕಾರರೂ ಅಸುನೀಗಿದರು. ಆ ವರ್ಷ ಗಿಡಗಳು ಆಳೆತ್ತರ ಬೆಳೆದಿದ್ದವು. ಮೇಲ್ಮುಖವಾಗಿ ಹೊಡೆದ ವಿಷ ಹೊಡೆದವರ ಮುಖಕ್ಕೂ ಮೈಗೂ ಮರಳಿ ಬಿದ್ದಿತು. ಅದಕ್ಕೂ ಬಹಳ ಹಿಂದೆ, 1958ರಲ್ಲಿ, ಕೇರಳದಲ್ಲಿ ಸಾಗಾಟದ ವೇಳೆ ಗೋಧಿಹಿಟ್ಟಿಗೆ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತು ನೂರಕ್ಕೂ ಹೆಚ್ಚು ಜನ ಮಡಿದಿದ್ದರು. ಆ ದುರಂತದ ತರುವಾಯವೇ ನಮ್ಮ ದೇಶಕ್ಕೆ 1968ರಲ್ಲಿ ಕೀಟನಾಶಕಗಳ ಕಾಯಿದೆಯೂ 1971ರಲ್ಲಿ ಅದರ ನಿಯಮಗಳೂ ಬಂದವು. ವಿಷವನ್ನು ಕೈಯಾಡುವವರಿಗೆ ರಕ್ಷಣೆಯ ಉಡುಪು ಬೇಕೆಂದು ಆ ನಿಯಮಗಳಲ್ಲಿಯೇ ಬರೆಯಲಾಯಿತು. ಬರೆದದ್ದು ಹೊಲದ ಬದುವಿನವರೆಗೆ ಬರಲಿಲ್ಲ.

ಈ ವಿಷ ದೇಹವನ್ನು ಸೇರುವ ಬಗೆಯನ್ನು ಮೊದಲು ಅರಿಯಬೇಕು. ಬಾಯಿ ಮೂಗು ಮುಚ್ಚಿಕೊಂಡರೆ ಸಾಕೆಂಬುದು ನಮ್ಮ ನಂಬಿಕೆ. ಆದರೆ ಸಿಂಪಡಿಸುವವನ ಮೈಗೆ ವಿಷ ಹೆಚ್ಚಾಗಿ ಸೇರುವುದು ಚರ್ಮದ ಮೂಲಕ. ಅದರಲ್ಲಿಯೂ ಹಣೆ, ನೆತ್ತಿ, ತೊಡೆಯ ಸಂದುಗಳ ಚರ್ಮವು ಮುಂಗೈಯ ಚರ್ಮಕ್ಕಿಂತ ಬೇಗ ಹೀರಿಕೊಳ್ಳುತ್ತದೆ. ಸೋರುವ ಪಂಪು ತೋಯಿಸುವುದು ಬೆನ್ನು ಸೊಂಟಗಳನ್ನೇ. ಬಿಸಿಲಿಗೆ ಬೆವೆತ ಮೈ ಇನ್ನಷ್ಟು ಹೀರುತ್ತದೆ. ಬಾಯಿಗೆ ಸುತ್ತಿದ ಟವೆಲ್ಲೂ ಒದ್ದೆಯಾದ ಮೇಲೆ ವಿಷವನ್ನು ತಡೆಯುವುದಿಲ್ಲ. ಅದನ್ನು ಮುಖಕ್ಕೆ ಒತ್ತಿ ಹಿಡಿಯುತ್ತದೆ. ರಂಜಕಯುಕ್ತ ಕೀಟನಾಶಕಗಳು ನರಗಳ ಸಂದೇಶವನ್ನು ಹತೋಟಿಯಲ್ಲಿಡುವ ಒಂದು ಕಿಣ್ವವನ್ನು ಕಟ್ಟಿಹಾಕುತ್ತವೆ. ಜೊಲ್ಲು, ಬೆವರು, ಮಂಜುಗಣ್ಣು, ಸ್ನಾಯುಗಳ ಅದಿರುವಿಕೆ, ಕೊನೆಗೆ ಉಸಿರಿನ ಕಟ್ಟು, ಎಲ್ಲವೂ ಅದರಿಂದಲೇ. ಇವನ್ನು ‘ಬಿಸಿಲಿನ ಝಳ’ ಎಂದು ತಳ್ಳಿಹಾಕುವುದು ಪ್ರಾಣಕ್ಕೆ ಸಂಚಕಾರ.

ಹಾಗಾದರೆ ಗೃಹಸ್ಥನು ಮಾಡತಕ್ಕದ್ದೇನು? ಮೊದಲನೆಯದಾಗಿ, ರಕ್ಷಣೆಯ ಉಡುಪು ಕೊನೆಯ ಕೋಟೆಯೇ ಹೊರತು ಮೊದಲನೆಯದಲ್ಲ. ಕೀಟವು ಬೆಳೆಗೆ ನಷ್ಟ ತರುವಷ್ಟು ಹೆಚ್ಚಿದೆಯೇ ಎಂದು ನೋಡದೆ, ನೆರೆಯವನು ಹೊಡೆದನೆಂದು ನಾವೂ ಹೊಡೆಯುವುದು ತರವಲ್ಲ. ಹೊಡೆಯಲೇಬೇಕಾದರೆ ಡಬ್ಬಿಯ ಮೇಲಿನ ಬಣ್ಣವನ್ನು ಓದಬೇಕು. ಕೆಂಪು ತ್ರಿಕೋನವೆಂದರೆ ಅತ್ಯಂತ ತೀವ್ರ ವಿಷ, ಹಳದಿ ಅದರ ನಂತರದ್ದು, ನೀಲಿ ಮಧ್ಯಮ, ಹಸಿರು ಎಲ್ಲಕ್ಕಿಂತ ಕಡಿಮೆ. ಅಕ್ಷರ ಬಾರದವನೂ ಬಣ್ಣವನ್ನು ಗುರುತಿಸಬಲ್ಲ. ಕಡಿಮೆ ವಿಷದ್ದರಿಂದ ಕೆಲಸವಾಗುವಾಗ ಕೆಂಪನ್ನು ಕೊಳ್ಳಬಾರದು.

ಎರಡನೆಯದಾಗಿ, ಉಡುಪು. ಉದ್ದ ತೋಳಿನ ಅಂಗಿ, ಪೂರ್ಣ ಪ್ಯಾಂಟು, ತಲೆಗೆ ಟೋಪಿ, ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ನೈಟ್ರೈಲ್ ರಬ್ಬರಿನ ಗವಸು, ಕಾಲಿಗೆ ಗಮ್‌ಬೂಟು, ಬೆನ್ನಿಗೆ ನೀರು ಇಳಿಯದ ಹಾಳೆ. ಬಟ್ಟೆಯ ಅಥವಾ ಚರ್ಮದ ಗವಸು ವಿಷವನ್ನು ಹೀರಿ ಇಟ್ಟುಕೊಳ್ಳುತ್ತದೆಯಾದ್ದರಿಂದ ಅದು ಬೇಡ. ಪ್ಯಾಂಟಿನ ತುದಿ ಬೂಟಿನ ಹೊರಗಿರಬೇಕು. ಇಲ್ಲವಾದರೆ ಇಳಿದ ದ್ರವವೆಲ್ಲ ಬೂಟಿನೊಳಗೆ ನಿಲ್ಲುತ್ತದೆ. ಧೂಳು ತಡೆಯುವ ಸಾಮಾನ್ಯ ಮಾಸ್ಕು ವಿಷದ ಆವಿಯನ್ನು ತಡೆಯದು. ಲೇಬಲ್ಲಿನಲ್ಲಿ ಹೇಳಿದ್ದರೆ ಆವಿ ಹೀರುವ ಡಬ್ಬಿಯುಳ್ಳ ಮಾಸ್ಕನ್ನೇ ತರಬೇಕು. ನೀರು ಬೆರೆಸದ ಗಟ್ಟಿ ವಿಷವನ್ನು ಅಳೆದು ಕಲಕುವ ಹೊತ್ತೇ ಹೆಚ್ಚು ಅಪಾಯದ್ದು; ಗವಸನ್ನು ಆಗಲೇ ತೊಟ್ಟಿರಬೇಕು, ಕಲಕುವುದಕ್ಕೆ ಕೋಲು ಬಳಸಬೇಕು. ಕಟ್ಟಿಕೊಂಡ ನಳಿಕೆಯನ್ನು ಬಾಯಿಂದ ಊದಬಾರದು. ಗಾಳಿಗೆ ಎದುರಾಗಿ ಹೊಡೆಯಬಾರದು. ಇಷ್ಟೆಲ್ಲ ತೊಟ್ಟು ನಡುಬಿಸಿಲಿನಲ್ಲಿ ದುಡಿಯುವುದು ಅಸಾಧ್ಯ. ಆದ್ದರಿಂದ ಬೆಳಗಿನ ಅಥವಾ ಸಂಜೆಯ ತಂಪನ್ನು ಆರಿಸಿಕೊಳ್ಳಬೇಕು.

ಮೂರನೆಯ ಮಾತು ಮನೆಯ ತಾಯಂದಿರಿಗೆ. ಎಣ್ಣೆ ಹೊಡೆದವರ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ನೆನೆಸಬೇಡಿರಿ. ಕೈಗವಸು ತೊಟ್ಟು, ಬೇರೆ ಬಕೀಟಿನಲ್ಲಿ, ಸಾಬೂನಿನಿಂದ ಒಗೆದು ಬಿಸಿಲಿಗೆ ಹಾಕಿರಿ. ಹೊಲದಿಂದ ಬಂದವರು ಸಾಬೂನು ಹಚ್ಚಿ ಮಿಂದ ಬಳಿಕವೇ ಕೂಸನ್ನು ಎತ್ತಿಕೊಳ್ಳಲಿ, ಊಟಕ್ಕೆ ಕೂಡಲಿ. ಖಾಲಿ ಡಬ್ಬಿ ಎಷ್ಟೇ ಚೆಂದವಿದ್ದರೂ ಅದರಲ್ಲಿ ನೀರನ್ನಾಗಲಿ ಸೀಮೆಎಣ್ಣೆಯನ್ನಾಗಲಿ ತುಂಬಿಡಬೇಡಿರಿ.

ಇಷ್ಟಾಗಿಯೂ ಯಾರಿಗಾದರೂ ವಿಷ ತಗುಲಿದರೆ, ಕೂಡಲೇ ಕೆಲಸ ನಿಲ್ಲಿಸಿ, ಬಟ್ಟೆ ಕಳಚಿ, ಸಾಬೂನು ನೀರಿನಿಂದ ಮೈ ತೊಳೆಯಬೇಕು. ತೊಳೆಯುವವರೂ ಗವಸು ತೊಟ್ಟಿರಬೇಕು. ಎಚ್ಚರ ತಪ್ಪಿದವರನ್ನು ಮಗ್ಗುಲಾಗಿ ಮಲಗಿಸಬೇಕು. ಬಾಯಿಗೆ ಏನನ್ನೂ ಹಾಕಬಾರದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಡಬ್ಬಿಯನ್ನೂ ಅದರೊಳಗಿನ ಚೀಟಿಯನ್ನೂ ಜೊತೆಗೆ ಒಯ್ಯಲು ಮರೆಯಬಾರದು. ರಂಜಕಯುಕ್ತ ವಿಷಕ್ಕೆ ಅಟ್ರೋಪಿನ್ ಎಂಬ ಚುಚ್ಚುಮದ್ದು ಉಂಟು. ಯಾವ ವಿಷವೆಂದು ತಿಳಿದರೆ ವೈದ್ಯರಿಗೆ ದಾರಿ ಸುಗಮವಾಗುತ್ತದೆ.

“ನಾವು ಕೊಟ್ಟರೂ ಅವರು ತೊಡುವುದಿಲ್ಲ” ಎಂಬ ಮಾತನ್ನು ಅನೇಕರು ಆಡುತ್ತಾರೆ. ಅದರಲ್ಲಿ ಸ್ವಲ್ಪ ನಿಜವಿದೆ. ಗವಸು ತೊಟ್ಟರೆ ಕೈ ಬೆವರುತ್ತದೆ, ಕೆಲಸ ನಿಧಾನವಾಗುತ್ತದೆ. ಇಷ್ಟು ಪಂಪಿಗೆ ಇಷ್ಟೆಂದು ಕೂಲಿ ಗೊತ್ತುಮಾಡಿದವನು ನಿಧಾನಿಸಿದರೆ ಅವನ ಗಳಿಕೆ ಕುಂದುತ್ತದೆ. ಹಾಗಾದರೆ ಕೂಲಿಯನ್ನು ಪಂಪಿನ ಲೆಕ್ಕದಲ್ಲಿ ಕೊಡದೆ ದಿನದ ಲೆಕ್ಕದಲ್ಲಿ ಕೊಡುವುದು ನಮ್ಮ ಕೈಯಲ್ಲಿದೆ. ನಮ್ಮ ಮನೆಯಲ್ಲಿ ಈಗ ಹಾಗೆಯೇ ನಡೆಯುತ್ತಿದೆ. ಅಣ್ಣನವರು ಮೊದಲು ತಾವೇ ಗವಸು ತೊಟ್ಟು ವಿಷ ಕಲಕುತ್ತಾರೆ. ಅದನ್ನು ಕಂಡ ಮೇಲೆ ಆಳುಗಳೂ ತೊಡುತ್ತಾರೆ.

ಕಾಯಕಕ್ಕೆ ಹಿರಿಮೆಯನ್ನು ಕೊಟ್ಟ ಸಮಾಜ ನಮ್ಮದು. ಕಾಯಕ ಮಾಡುವ ಕಾಯವನ್ನು ಕಾಯುವುದೂ ಆ ಹಿರಿಮೆಗೆ ಸೇರಿದ್ದೇ. ಈ ಬಾರಿ ಗೊಬ್ಬರದಂಗಡಿಗೆ ಹೋದಾಗ ಚೀಟಿಯಲ್ಲಿ ಮೊದಲ ಸಾಲಿಗೆ ಒಂದು ಜೋಡಿ ಕೈಗವಸನ್ನು ಬರೆಯಿರಿ, ಎಣ್ಣೆಯ ಹೆಸರನ್ನು ಅದರ ಕೆಳಗೆ ಬರೆಯಿರಿ. ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ.