‘ಸಂಘದೋರು ಬಂದವ್ರೆ!’

ಹನೂರು ಕಡೆಯ ಕಾಡಂಚಿನ ಊರುಗಳಲ್ಲಿ ‘ಆನೆ ಬಂದದೆ’ ಎಂದರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಅಷ್ಟೇ ಬೇಗ ಬಾಗಿಲು ಹಾಕಿಸುವ ಇನ್ನೊಂದು ಮಾತು ಈಗ ಹುಟ್ಟಿಕೊಂಡಿದೆ: ‘ಸಂಘದೋರು ಬಂದವ್ರೆ!’

ಸಂಘ ಎಂಬುದು ಒಂದು ಕಾಲಕ್ಕೆ ಮರ್ಯಾದೆಯ ಪದ. ಹಾಲಿನ ಸಂಘ, ಯುವಕ ಸಂಘ, ಸಹಕಾರ ಸಂಘ. ಈಗ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಹೆಂಗಸೊಬ್ಬಳು ‘ನಾಳೆ ಸಂಘ ಅದೆ ಕಣಕ್ಕ’ ಎಂದರೆ ಅದು ಮೈಕ್ರೋ ಫೈನಾನ್ಸಿನ ವಾರದ ಕಂತು. ಸಾಲ ಗುಂಪಿಗೆ, ಒಬ್ಬಳು ಕಟ್ಟದಿದ್ದರೆ ಉಳಿದವರಿಗೂ ಬಿಡುಗಡೆ ಇಲ್ಲ. ವಸೂಲಿಗೆ ಬಂದವನು ಬಾಯಿ ತೆರೆಯುವ ಮೊದಲೇ ಪಕ್ಕದ ಮನೆಯವಳು ಜಗಳಕ್ಕೆ ನಿಲ್ಲುತ್ತಾಳೆ. ಕಂಪನಿಗಳ ಜಾಣತನ ಇರುವುದೇ ಇಲ್ಲಿ.

ಶುರುವಿನಲ್ಲಿ ಮಾತೆಲ್ಲ ಬೆಲ್ಲ. ‘ಜಾಮೀನು ಬೇಡಮ್ಮ, ಆಧಾರ್ ಜೆರಾಕ್ಸು, ಎರಡು ಫೋಟೋ ಸಾಕು.’ ಇದಕ್ಕೆ ಮರುಳಾದವರನ್ನು ಬೈಯುವ ಮುನ್ನ ಬ್ಯಾಂಕಿನವರ ‘ಮುಂದಿನ ವಾರ ಬನ್ನಿ’ ಎಂಬ ಮಾತನ್ನೂ ನೆನೆಯಬೇಕು. ಆ ಮುಂದಿನ ವಾರ ಬಾರದ್ದರಿಂದಲೇ ಈ ವಾರದ ಕಂತು ಹುಟ್ಟಿದ್ದು. ಆಮೇಲೆ ಒಂದು ಕಂತಿಗೆ ಇನ್ನೊಂದು ಸಾಲ, ಅದಕ್ಕೆ ಮತ್ತೊಂದು.

2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಸಾಲಗಾರರು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ರಾಜ್ಯದ ತುಂಬ ಹರಡಿತು. ಫೆಬ್ರವರಿ 12ರಂದು ಸುಗ್ರೀವಾಜ್ಞೆ ಬಂತು. ಕಿರುಕುಳ ಕೊಟ್ಟವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಸಂತೋಷವೇ. ಆದರೆ ‘ಕಠಿಣ ಕ್ರಮ ಜರುಗಿಸಲಾಗುವುದು’ ಎಂಬ ಸರ್ಕಾರಿ ಮಾತಿಗೆ ಕರ್ತೃವೇ ಇಲ್ಲ. ಜರುಗಿಸುವವರು ಯಾರು, ಯಾವತ್ತು? ‘ಪರಿಶೀಲಿಸಲಾಗುವುದು’ ಎಂಬುದು ಇದರ ಅಣ್ಣ.

ರಿಸರ್ವ್ ಬ್ಯಾಂಕು 2022ರಲ್ಲೇ ನಿಯಮ ಮಾಡಿದೆ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ಸಾಲಗಾರರಿಗೆ ಫೋನು ಮಾಡಿ ಪೀಡಿಸುವಂತಿಲ್ಲ. ಎಲ್ಲ ಸಾಲದ ಕಂತೂ ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು. ಕಂತು ಕಟ್ಟುವ ಎಷ್ಟು ಮಂದಿಗೆ ಇದು ಗೊತ್ತು? ಚುನಾವಣೆ ಬಂದರೆ ಗೋಡೆ ಗೋಡೆಗೂ ಬಣ್ಣ ಬಳಿಯುವ ಪುಢಾರಿಗಳು ಈ ಎರಡು ಸಾಲನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಲಿ. ಖರ್ಚು ಒಂದು ಡಬ್ಬಿ ಬಣ್ಣ.

ಅಂಗಡಿಯವರ ಎದೆ ಝಲ್ಲೆನಿಸುವ ಮಾತು ಬೇರೆ: ‘ನೋಟಿಸ್ ಬಂದದಂತೆ’. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವರ್ತಕರಿಗೆ ಜಿಎಸ್‌ಟಿ ನೋಟಿಸು ಹೋದಾಗ ಬೆಂಗಳೂರಿನ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಬೋರ್ಡು ಎದ್ದವು. ಸರಕು ಮಾರುವವರು ವರ್ಷಕ್ಕೆ 40 ಲಕ್ಷದ ವಹಿವಾಟು ದಾಟಿದರೆ ಮಾತ್ರ ನೋಂದಣಿ ಎಂಬುದನ್ನು ಮೊದಲೇ ಬಿಡಿಸಿ ಹೇಳಿದ್ದರೆ ಅರ್ಧ ಗಾಬರಿ ತಪ್ಪುತ್ತಿತ್ತು. ‘ಇಂದು ನಗದು, ನಾಳೆ ಸಾಲ’ ಎಂಬ ಹಳೇ ಬೋರ್ಡಿಗೆ ಗಿರಾಕಿಯಾದರೂ ನಗುತ್ತಿದ್ದ.

ಇನ್ನು ‘ನಿಮ್ಮ ಒಂದು ಓಟೇ ನಮಗೆ ದೇವರು’ ಎಂಬ ಮಾತು. ಈ ಜಿಲ್ಲೆಯಲ್ಲಿ ಅದನ್ನು ಬುರುಡೆ ಎನ್ನುವಂತಿಲ್ಲ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರ ಎದುರು ಗೆದ್ದದ್ದು ಒಂದೇ ಓಟಿನಿಂದ. ಅಷ್ಟು ಬೆಲೆಯ ಓಟು ಕೇಳಲು ಮುಂದಿನ ಸಲ ಕೈಮುಗಿದು ಬಂದವರನ್ನು ಯಳಂದೂರಿನ ಹೆಂಗಸರು ಒಂದು ಮಾತು ಕೇಳಲಿ: ‘ಕಂತಿನ ದಿನ ಈ ಬೀದಿಗೆ ಯಾಕೆ ಬರಲಿಲ್ಲ ಬುದ್ಧಿ?’