ದೂರವೆಷ್ಟು, ವೇಳೆಯೆಷ್ಟು?

ನಮ್ಮ ಹಿರಿಯರು ದಾರಿಯನ್ನು ಹರದಾರಿಯಲ್ಲಿ ಎಣಿಸುತ್ತಿದ್ದರು. ಇಲ್ಲವೆ ‘ಒಂದು ಹೊತ್ತಿನ ದಾರಿ’ ಎನ್ನುತ್ತಿದ್ದರು. ನಾವು ಕಿಲೋಮೀಟರಿನ ಲೆಕ್ಕ ಕಲಿತಿದ್ದೇವೆ. ಆದರೆ ಈ ವಿಮಾನಯುಗದಲ್ಲಿ ವಿಚಾರಮಾಡಿ ನೋಡಿದರೆ, ಹೊತ್ತಿನಿಂದ ದೂರವನ್ನು ಅಳೆದ ಹಿರಿಯರ ಲೆಕ್ಕವೇ ಹೆಚ್ಚು ಸಮಂಜಸವೆಂದು ತೋರುತ್ತದೆ.

2021ನೆಯ ಇಸವಿಯ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದು ಅಮೇರಿಕೆಯ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ನಡುವೆ ಎಲ್ಲಿಯೂ ಇಳಿಯದೆ ಬೆಂಗಳೂರನ್ನು ಮುಟ್ಟಿತು. ಕ್ಯಾಪ್ಟನ್ ಜೋಯಾ ಅಗರವಾಲರ ನೇತೃತ್ವದಲ್ಲಿ ಅದನ್ನು ನಡೆಸಿದವರೆಲ್ಲ ಮಹಿಳೆಯರೇ ಎಂಬುದು ಅಭಿಮಾನದ ಸಂಗತಿ. ಈ ಎರಡು ನಗರಗಳ ನೇರ ಅಂತರ ಸುಮಾರು 14,000 ಕಿಲೋಮೀಟರು. ಹಿಡಿದ ವೇಳೆ 17 ತಾಸಿಗೆ ಮಿಕ್ಕು. 9ನೆಯ ತಾರೀಖು ರಾತ್ರಿ ಹೊರಟವರು 11ರ ನಸುಕಿನಲ್ಲಿ ಇಳಿದರು. ಬರಿಯ ತಾರೀಖು ನೋಡಿದವರು ಇನ್ನೂ ಹೆಚ್ಚು ಹೊತ್ತು ಹಿಡಿಯಿತೆಂದು ಭಾವಿಸಿಯಾರು. ನಮ್ಮ ಗಡಿಯಾರ ಅಲ್ಲಿಯದಕ್ಕಿಂತ ಆಗ ಹದಿಮೂರುವರೆ ತಾಸು ಮುಂದಿತ್ತೆಂಬುದನ್ನು ಮರೆಯಬಾರದು.

ಆ ವಿಮಾನ ಉತ್ತರ ಧ್ರುವದ ಮಾರ್ಗವಾಗಿ ಬಂದುದೇಕೆ? ಗೋಡೆಯ ನಕಾಶೆಯಲ್ಲಿ ಅದು ಸುತ್ತುದಾರಿಯಂತೆ ಕಾಣುತ್ತದೆ. ಆದರೆ ಭೂಗೋಲದ ಮೇಲೆ ಎರಡೂ ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ನೋಡಿರಿ. ದಾರ ತಾನಾಗಿಯೇ ಧ್ರುವದ ಕಡೆಗೆ ಸರಿಯುತ್ತದೆ. ದುಂಡಗಿನ ಭೂಮಿಯ ಮೇಲೆ ಅದೇ ಹತ್ತಿರದ ಹಾದಿ. ಹಾದಿ ತಿಳಿದ ಮಾತ್ರಕ್ಕೆ ವೇಳೆ ನಿಶ್ಚಿತವಾಗುವುದಿಲ್ಲ. 2025ರ ಏಪ್ರಿಲಿನಲ್ಲಿ ಪಾಕಿಸ್ತಾನವು ತನ್ನ ಆಕಾಶಮಾರ್ಗವನ್ನು ನಮ್ಮ ವಿಮಾನಗಳಿಗೆ ಮುಚ್ಚಿದಾಗ, ದಿಲ್ಲಿಯಿಂದ ಯುರೋಪಿಗೆ ಹೋಗುವವು ಬಳಸಿ ಹಾರಬೇಕಾಯಿತು. ಊರುಗಳು ಇದ್ದಲ್ಲಿಯೇ ಇದ್ದವು. ಪ್ರವಾಸ ಮಾತ್ರ ಉದ್ದವಾಯಿತು.

ಇನ್ನು ನಮ್ಮ ಸೀಮೆಗೆ ಬರೋಣ. ವಿಮಾನದ ವೇಳಾಪತ್ರಿಕೆ ನಿಲ್ದಾಣದಿಂದ ನಿಲ್ದಾಣಕ್ಕೆ ಲೆಕ್ಕ ಹಿಡಿಯುತ್ತದೆ. ಮನುಷ್ಯನ ಪ್ರವಾಸವಾದರೋ ಮನೆಯ ಹೊಸ್ತಿಲಿನಿಂದ ಆರಂಭವಾಗುತ್ತದೆ. ಜಮಖಂಡಿಯಿಂದ ಬೆಂಗಳೂರು ಐದುನೂರು ಕಿಲೋಮೀಟರಿಗೆ ಮಿಕ್ಕಿದೆ. ಬಸ್ಸಿನಲ್ಲಿ ಅದು ಇಡೀ ರಾತ್ರಿಯ ದಾರಿ. ಅಮೇರಿಕೆಯ ದೂರದ ಇಪ್ಪತ್ತೈದನೆಯ ಒಂದು ಪಾಲಿಗೆ ಒಂದು ಇರುಳು! ಬೆಳಗಾವಿಯ ಸಾಂಬ್ರಾದಿಂದ ಹಾರಬಹುದಲ್ಲ ಎನ್ನುವಿರಾ? ಹಾರಾಟಕ್ಕಿಂತ ಸಾಂಬ್ರಾ ಮುಟ್ಟುವುದಕ್ಕೇ ಹೆಚ್ಚು ವೇಳೆ ಬೇಕು.

ಬಾಗಲಕೋಟೆ–ಕುಡಚಿ ರೈಲುಮಾರ್ಗದ ಉದ್ದ 142 ಕಿಲೋಮೀಟರು. ಲೋಕಾಪುರ, ಮುಧೋಳ, ಜಮಖಂಡಿಗಳ ಮೇಲೆ ಹಾಯುವ ಈ ಮಾರ್ಗಕ್ಕೆ 2010ರಲ್ಲಿ ಮಂಜೂರಾತಿ ದೊರೆಯಿತು. ಹದಿನೈದು ವರ್ಷ ಕಳೆದ ಮೇಲೂ ಅದು ಪೂರ್ಣವಾಗಿರಲಿಲ್ಲ. ಬೀಳಗಿಯವರು ಬಾಗಲಕೋಟೆಗೆ, ರಬಕವಿ-ಬನಹಟ್ಟಿಯವರು ಕುಡಚಿಗೆ ಹೋಗಿ ರೈಲು ಹಿಡಿಯುವುದು ವಾಡಿಕೆಯಾಗಿದೆ.

ವಿಮಾನದ ಕಾಲದಲ್ಲಿ ರೈಲಿನ ಮಾತೇಕೆ, ವಿಮಾನನಿಲ್ದಾಣವನ್ನೇ ಕೇಳೋಣ ಎಂದು ಕೆಲವು ಮಿತ್ರರು ವಾದಿಸುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ಬನಹಟ್ಟಿಯ ನೇಕಾರನ ಸೀರೆಯ ಗಂಟು, ಮುಧೋಳದ ರೈತನ ಬೆಲ್ಲ, ಬೆಂಗಳೂರಿಗೆ ಪರೀಕ್ಷೆಗೆ ಹೊರಟ ಬಡ ವಿದ್ಯಾರ್ಥಿ, ಇವರೆಲ್ಲರಿಗೂ ಕೈಗೆಟಕುವ ದರದ ವಾಹನ ರೈಲೇ. ಧ್ರುವವನ್ನು ದಾಟಿದ ದೇಶಕ್ಕೆ 142 ಕಿಲೋಮೀಟರು ದೊಡ್ಡದಲ್ಲ. ದೂರವನ್ನು ಕಡಿಮೆ ಮಾಡುವುದು ಯಾರ ಕೈಯಲ್ಲಿಯೂ ಇಲ್ಲ. ವೇಳೆಯನ್ನು ಕಡಿಮೆ ಮಾಡುವುದು ನಮ್ಮನ್ನಾಳುವವರ ಕೈಯಲ್ಲಿದೆ. ಅದನ್ನು ಒತ್ತಾಯದಿಂದ ಕೇಳುವುದು ವಿದ್ಯಾವಂತರಾದ ನಮ್ಮೆಲ್ಲರ ಕರ್ತವ್ಯ.